ಬೆನ್ನ ಹಿಂದಿನ ಟಿಕ್ ಟಿಕ್

ಮೊನ್ನೆ ಊಟದ ಹೊತ್ತಿಗೆ, ನಮ್ಮ ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ, ಹೊಸದಾಗಿ ಕೆಲಸಕ್ಕೆ ಸೇರಿದವರೊಬ್ಬರು ಪಕ್ಕದಲ್ಲಿ ಕೂತು ಡಬ್ಬಿ ತೆರೆದರು. ಶೇಂಗಾ ಚಟ್ನಿಪುಡಿ. ಬೆಳ್ಳುಳ್ಳಿ ಜಾಸ್ತಿ, ಖಾರ ಇನ್ನೂ ಜಾಸ್ತಿ. ನನ್ನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು.

"ಏನ್ ಗುರು, ಬೇಕಾ?" ಅಂದರು ಅವರು.

ಬೇಕಿತ್ತು. ಆದರೆ ಚಟ್ನಿಪುಡಿ ಅಲ್ಲ...

ನಮ್ಮ ಮೇಡಂ ಚೀಲದಲ್ಲಿ ಸದಾ ಅದೇ ವಾಸನೆ ಇರುತ್ತಿತ್ತು.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅದರ ಬದಲಿಗೆ ದೇವರು ಬಾಯಿ ಕೊಟ್ಟ ಅನ್ನುತ್ತಾರೆ ಅಮ್ಮ. ಅಷ್ಟೊಂದು ಕೊಡಬೇಕಾಗಿರಲಿಲ್ಲ ಅನ್ನುತ್ತಾರೆ ಅಪ್ಪ. ಯಾರ ದನಿ ಕಿವಿಗೆ ಬಿದ್ದರೂ ಮರುಗಳಿಗೆ ಅದು ನನ್ನ ಬಾಯಲ್ಲಿರುತ್ತಿತ್ತು. ಹೆಡ್‌ಮಾಸ್ಟರ ದನಿಯಲ್ಲಿ ಇಡೀ ಕ್ಲಾಸಿಗೆ ರಜೆ ಕೊಟ್ಟು, ಅದೇ ಹೆಡ್‌ಮಾಸ್ಟರ ಕೈಯಲ್ಲಿ ಒದೆ ತಿಂದವನು ನಾನು. ಒದೆ ತಿನ್ನುವಾಗ ಮಾತ್ರ ಸ್ವಂತ ದನಿ. ಶಾಲೆಗೆ ಸೇರಿದ್ದೇ ತಡವಾದ್ದರಿಂದ ಹತ್ತನೇ ತರಗತಿಗೆ ಬರುವಷ್ಟರಲ್ಲಿ ಹದಿನೆಂಟು ತುಂಬಿತ್ತು. ಮೀಸೆ ಸಕ್ಕತ್ತಾಗಿದೆ ಎಂದು ಗೆಳೆಯರು ಹೇಳುತ್ತಿದ್ದರು. ಕನ್ನಡಿ ನೋಡಿ ಖಚಿತ ಮಾಡಿಕೊಳ್ಳುವ ಅಭ್ಯಾಸ ಇಲ್ಲದ್ದರಿಂದ ನಂಬಿದೆ.

ಮೇಡಂ ಶಾಲೆಗೆ ಬಂದದ್ದು ಆ ವರ್ಷವೇ. ಪಾಠ ಮಾಡಲು ಅಲ್ಲ. ಕಣ್ಣು, ಕಿವಿ, ಕೈಕಾಲುಗಳ ತೊಂದರೆಯಿದ್ದ ನಮ್ಮಂಥವರಿಗೆ ಶಾಲೆ ಮುಗಿಯುವ ಮೊದಲೇ ಒಂದೊಂದು ಕೆಲಸ ಹುಡುಕಿ, ಕಲಿಸಿ, ಕಾಲೂರುವ ತನಕ ಜೊತೆಗಿರುವುದು ಅವರ ಕೆಲಸ. ಧಾರವಾಡದ ಕಡೆಯವರು. ಅವರ ಮಾತು ನನಗೆ ಹಬ್ಬ. ಮೊದಲ ದಿನವೇ ಅವರ ಎದುರಿಗೇ ಅಣಕಿಸಿದೆ. ಕ್ಲಾಸು ಉಸಿರು ಹಿಡಿದು ಕೂತಿತು. ಅವರು, "ಭಾರಿ ಐತಿ. ಇದನ್ನ ಕೆಲಸಕ್ಕ ಹಚ್ಚೂಣು" ಅಂದರು. ಅದು ಬೆದರಿಕೆಯೋ ಹೊಗಳಿಕೆಯೋ ಗೊತ್ತಾಗಲಿಲ್ಲ.

ಮೇಡಂ ನನಗೆ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ ನೋಡಿದರು. ಮನೆಯಲ್ಲಿ ಯಾರಿಗೂ ಇದು ಬೇಕಿರಲಿಲ್ಲ. ದಾಸರಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ತಾತ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಅಜ್ಜಿಯ ತೀರ್ಮಾನ ಸಿದ್ಧವಾಗಿತ್ತು: "ಅವ್ನ್ಯಾಕೆ ಕೆಲ್ಸುಕ್ಕೆ ಓಗ್ಬೇಕು? ಇಂಗೆ ಬಾಗ್ಲಲ್ಲಿ ಕುರ್ಚಿ ಆಕ್ಕೊಂಡು ಕುಂತಿರ್ಲಿ." ಆ ಕುರ್ಚಿಯನ್ನು ನಾನು ಬಲ್ಲೆ. ಪ್ಲಾಸ್ಟಿಕ್ಕಿನದು, ಒಂದು ಕಾಲು ಅಲುಗುತ್ತಿತ್ತು. ಅದರಲ್ಲಿ ಕೂತು, ಬಾಡಿಗೆಯವರ ದನಿಗಳನ್ನು ಅಣಕಿಸುತ್ತಲೇ ಮುದುಕನಾಗಿಬಿಡುತ್ತೇನೆ ಎಂದುಕೊಂಡರೆ ಹೆದರಿಕೆಯಾಗುತ್ತಿತ್ತು. ಫ್ಯಾಕ್ಟರಿಯ ಮೆಷಿನ್ನುಗಳನ್ನು ನೆನೆದರೂ ಹಾಗೇ ಆಗುತ್ತಿತ್ತು. ಹೆದರುವುದರಲ್ಲಿ ನಾನು ಭೇದಭಾವ ಮಾಡಿದವನಲ್ಲ.

ಮೊದಲು ಕಲಿಯಬೇಕಾದದ್ದು ರಸ್ತೆ. ಮನೆಯಿಂದ ಪೀಣ್ಯದವರೆಗೆ ನಾನು ಮುಂದೆ, ಮೇಡಂ ಹಿಂದೆ.

"ಕೈ ಹಿಡ್ಯಾಂಗಿಲ್ಲ, ಮೊದಲ ಹೇಳ್ತೀನಿ. ನಾ ಹಿಂದ ಅದೀನಿ. ನೀ ನಡಿ."

"ಲಾರಿ ಬಂದ್ರೆ ಮೇಡಂ?"

"ಕೇಳಸ್ತದಲ್ಲ?"

"ನಿಮ್ಗೆ ಭಯ ಆಗಲ್ವಾ?"

"ನನಗ್ಯಾಕ ಅಂಜಿಕಿ?"

ಹಾಗಂದರೂ ಪ್ರತಿ ಲಾರಿ ಹತ್ತಿರವಾದಾಗಲೂ ನನ್ನ ಬೆನ್ನ ಹಿಂದೆ ಅವರ ಪೆನ್ನು ಟಿಕ್ ಟಿಕ್ ಅನ್ನುತ್ತಿತ್ತು. ಗುಂಡಿ ಒತ್ತಿದರೆ ಮುಳ್ಳು ಹೊರಬರುವ ಪೆನ್ನು. ಅಂಜಿಕೆಯಾದಾಗ ಬೆರಳು ತಾನಾಗಿ ಅದನ್ನು ಒತ್ತುತ್ತಿತ್ತು. ಅವರಿಗದು ಗೊತ್ತೇ ಇರಲಿಲ್ಲ. ನಾನೂ ಹೇಳಲಿಲ್ಲ. ಕ್ಲಾಸಿನಲ್ಲಿ ನಾಲಿಗೆಯಿಂದ ಅದೇ ಸದ್ದು ಮಾಡಿ ನಗಿಸುತ್ತಿದ್ದೆ, ಅಷ್ಟೇ.

ಫ್ಯಾಕ್ಟರಿ ಓನರು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. "ಒಂದು ವಾರ ನೋಡ್ತೀನಿ ಮೇಡಂ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಸ್ಕೂಲಿಂದ ಇನ್ನೊಬ್ರನ್ನ ಕರ್ಕೊಂಡ್ಬರ್ಬೇಡಿ." ಅಂದರೆ ನಾನು ಎಡವಿದರೆ ನಾನೊಬ್ಬನೇ ಬೀಳುವುದಿಲ್ಲ. ನನ್ನ ಹಿಂದೆ ಕಿವಿ ಕೇಳದ ಹುಡುಗಿಯೊಬ್ಬಳು ಕಾಯುತ್ತಿದ್ದಳು, ಒಂದು ಕೈ ಸ್ವಾಧೀನವಿಲ್ಲದ ಗೆಳೆಯನಿದ್ದ.

ಬೋಲ್ಟುಗಳಿಗೆ ರಬ್ಬರ್ ವಾಷರು ಹಾಕಿ ಕವರಿಗೆ ತುಂಬುವುದು ನನ್ನ ಕೆಲಸ. ಕೈ ಎರಡೇ ದಿನದಲ್ಲಿ ಕಲಿಯಿತು. ಕಷ್ಟ ಇದ್ದದ್ದು ನಡಿಗೆಯಲ್ಲಿ. ನನ್ನ ಬೆಂಚಿನಿಂದ ನೀರಿನ ಡ್ರಮ್ಮಿಗೆ ಹೋಗಲು ಮೆಷಿನ್ನುಗಳ ನಡುವಿನ ಓಣಿ ದಾಟಬೇಕು. ಎಣ್ಣೆಯ ವಾಸನೆ ಬೇರೆಲ್ಲ ವಾಸನೆಯನ್ನೂ ನುಂಗಿಬಿಡುತ್ತಿತ್ತು. ಅಲ್ಲಿ ಮೇಡಂ ನನ್ನ ಬಾಯಿಯನ್ನು ಕೆಲಸಕ್ಕೆ ಹಚ್ಚಿದರು. ಒಂದೊಂದು ಮೆಷಿನ್ನಿನ ಮುಂದೆಯೂ ನಿಲ್ಲಿಸಿ, "ಇದರ ದನಿ ತಗಿ" ಅಂದರು. ಎಡಕ್ಕೆ, ಪೆಡಲು ತುಳಿದರೆ ತಗಡು ಕತ್ತರಿಸುವ ಪ್ರೆಸ್ಸು: ಧಡಕ್, ಪುಸ್. ಬಲಕ್ಕೆ ಕಬ್ಬಿಣ ಕಡೆಯುವ ಲೇತು: ಝೀಂ, ಥೇಟ್ ನಮ್ಮ ಗಣಿತದ ಮೇಷ್ಟ್ರು. ಮೂಲೆಯಲ್ಲಿ ಕಂಪ್ರೆಸರು: ಊಟವಾದ ಮೇಲಿನ ನಮ್ಮಪ್ಪ. ಎಲ್ಲರನ್ನೂ ಬಾಯಿಪಾಠ ಮಾಡಿದೆ. ಪ್ರೆಸ್ಸು ಎಡಗಿವಿಗೆ, ಲೇತು ಬಲಗಿವಿಗೆ ಸಮನಾಗಿ ಬಿದ್ದರೆ ನಾನು ಓಣಿಯ ನಟ್ಟನಡುವೆ. ಸಕ್ಕತ್ ಲೆಕ್ಕಾಚಾರ. ಕರೆಂಟ್ ಹೋಗುತ್ತದೆ ಎಂಬುದೊಂದನ್ನು ನಾವಿಬ್ಬರೂ ಮರೆತಿದ್ದೆವು. ಅದೂ ಪೀಣ್ಯದಲ್ಲಿ!

ವಾರದ ಕೊನೆಯ ದಿನ. ನೀರು ಕುಡಿದು ವಾಪಸ್ ಬರುತ್ತಿದ್ದೆ. ಲೇತು ಮೆಲ್ಲಗೆ ನರಳಿ ನಿಂತಿತು. ಪ್ರೆಸ್ಸು ನಿಂತಿತು. ಕಂಪ್ರೆಸರು ಒಮ್ಮೆ ಬಿಕ್ಕಿ ನಿಂತಿತು. "ಹೋ!" ಎಂದು ಎಲ್ಲರೂ ಕೂಗಿ, ನಗುತ್ತಾ ಟೀಗೆ ಹೋದರು. ಅವರಿಗೆ ಹೋದದ್ದು ಬರೀ ಕರೆಂಟು. ನನಗೆ ಗೋಡೆ, ಬಾಗಿಲು, ಎಡ, ಬಲ ಎಲ್ಲವೂ ಹೋಗಿದ್ದವು. ಕೂಗಿನ ಕಡೆಗೆ ತಿರುಗಿದ್ದರಿಂದ ದಿಕ್ಕೂ ತಪ್ಪಿತ್ತು. ಕೈ ಚಾಚಿದೆ. ತಣ್ಣಗಿನ, ಎಣ್ಣೆಯ, ಚಪ್ಪಟೆ ಕಬ್ಬಿಣ ತಗುಲಿತು. ಪ್ರೆಸ್ಸಿನ ಬಾಯೊಳಗೆ ನನ್ನ ಕೈ ಇತ್ತು.

ಸರಕ್ಕನೆ ಎಳೆದುಕೊಂಡೆ. ಆದರೆ ಮುಂದಿನ ಹೆಜ್ಜೆ ಎಲ್ಲಿಗೆ? ಸ್ವಿಚ್ ಆಫ್ ಮಾಡದೆ ಎದ್ದುಹೋಗುತ್ತಾರೆಂದು ಸೂಪರ್‌ವೈಸರು ದಿನಾ ಬಯ್ಯುವುದು ಕೇಳಿದ್ದೆ. ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದು. ಸೂಪರ್‌ವೈಸರ ದನಿಯಲ್ಲೇ "ಮೇನ್ ಆಫ್ ಮಾಡ್ರೋ!" ಎಂದು ಗದರಬೇಕೆಂದುಕೊಂಡೆ. ಇಡೀ ಶಾಲೆಯ, ಇಡೀ ಬೀದಿಯ ದನಿಗಳೆಲ್ಲ ನನ್ನ ಗಂಟಲಲ್ಲಿದ್ದವು. ಒಂದೂ ಹೊರಗೆ ಬರಲಿಲ್ಲ. ನನ್ನದೂ ಬರಲಿಲ್ಲ. ಬಾಯಿ ಒಣಗಿ ಮರವಾಗಿತ್ತು...

ಆಗ ಕೇಳಿಸಿತು. ಟಿಕ್. ಟಿಕ್ ಟಿಕ್.

ಷಟರಿನ ಕಡೆಯಿಂದ. ಬಾಗಿಲ ಬಳಿ ನಿಂತ ಮೇಡಂ ನನ್ನ ಕೈ ಎಲ್ಲಿತ್ತೆಂದು ನೋಡಿಬಿಟ್ಟಿದ್ದರು. ಆ ಸದ್ದನ್ನು ಹಿಡಿದು ತಿರುಗಿದೆ, ಪಾದ ತೇಯುತ್ತಾ ನಡೆದೆ. ಅದು ಜೋರಾಗುತ್ತಾ ಬಂತು. ನಾನು ಅವರ ಸೀರೆಯ ಅಂಚು ಮುಟ್ಟುವುದಕ್ಕೂ, ಹಿಂದೆ ಮೋಟಾರು ತಿರುಗುವುದಕ್ಕೂ, ಯಾರೂ ತುಳಿಯದ ಪ್ರೆಸ್ಸು ತಾನಾಗಿ ಧಡಕ್ ಎನ್ನುವುದಕ್ಕೂ ಸರಿಹೋಯಿತು.

ಎಂದೂ ಕೈ ಹಿಡಿಯದವರು ಅವತ್ತು ಹಿಡಿದರು. ಅವರ ಅಂಗೈ ನನ್ನದಕ್ಕಿಂತ ಒದ್ದೆಯಾಗಿತ್ತು.

"ಒಂದ್ಸಲ ಕೂಗ್ಬಾರ್ದಿತ್ತಾ ಮೇಡಂ?"

"ಧ್ವನಿನ ಬರ್ಲಿಲ್ಲೋ..." ಅಂದರು.

"ನಿಮ್ಮ ಪೆನ್ನಿಗೆ ಬಂತು."

"ಯಾವ ಪೆನ್ನು?" ಅಂದವರು ಕೈಯಲ್ಲಿದ್ದುದನ್ನು ಆಗ ನೋಡಿಕೊಂಡಿರಬೇಕು.

ಓನರು ಓಡಿಬಂದರು. "ಸಾಕು ಮೇಡಂ, ಹುಡುಗನ್ನ ಕರ್ಕೊಂಡು ಹೋಗ್ಬಿಡಿ." ಮನೆಬಾಗಿಲಿನ ಆ ಕಾಲು ಅಲುಗುವ ಕುರ್ಚಿ ನನ್ನ ಬೆನ್ನಿಗೆ ತಾಗಿದಂತಾಯಿತು. ಅಷ್ಟರಲ್ಲಿ ಪ್ರೆಸ್ಸು ನಡೆಸುವ ಅಣ್ಣ ಟೀ ಲೋಟ ಕೆಳಗಿಟ್ಟ ಸದ್ದಾಯಿತು. "ಸಾರ್, ಸ್ವಿಚ್ ಆಫ್ ಮಾಡ್ದೆ ಹೋಗಿದ್ದು ನಾನು. ಕಣ್ಣಿರೋ ನನ್ ಕೈನೇ ಅಲ್ಲಿದ್ರೂ ಹೋಗಿರೋದು. ಅವ್ನನ್ಯಾಕೆ ಕಳಿಸ್ತೀರ?"

ಮೇಡಂ ಅಂದರು: "ಕರೆಂಟ್ ಹೋದ್ರ ಮೊದಲ ಸ್ವಿಚ್ಚು. ಆಮ್ಯಾಲ ಚಹಾ. ಎಲ್ಲಾರಿಗೂ."

"ನಾಳೆ ಬರ್ಲಿ," ಅಂದರು ಓನರು.

ಆಮೇಲೆ ಕಿವಿ ಕೇಳದ ಹುಡುಗಿ ಬಂದಳು, ಗೆಳೆಯನೂ ಬಂದ. ಮೇಡಂ ಬೇರೆ ಶಾಲೆಗೆ ಹೋದರು. ಆಗಾಗ ಫೋನು ಮಾಡಿದಾಗ ಅವರದೇ ದನಿಯಲ್ಲಿ "ಹಲೋ, ಅಂಜಿಕಿ ಅದೇನ್ರೀ?" ಅನ್ನುತ್ತಿದ್ದೆ, ಅವರು ನಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಹಾಗೇ ಅಂದಾಗ ಆ ಕಡೆ ಇದ್ದವರು ಅವರ ಮಗಳು. ಆಕೆ ಒಮ್ಮೆಲೇ ಅತ್ತುಬಿಟ್ಟರು. ಮೇಡಂ ತೀರಿಕೊಂಡು ಒಂಬತ್ತು ದಿನವಾಗಿತ್ತಂತೆ. ಆಮೇಲೆ ಆ ದನಿಯನ್ನು ನಾನು ತೆಗೆದಿಲ್ಲ.

ಈಗ ನಮ್ಮಲ್ಲಿ ಜನರೇಟರಿದೆ. ಆದರೂ ಕರೆಂಟು ಹೋಗಿ ಅದು ಶುರುವಾಗುವ ತನಕ ಒಂದಿಷ್ಟು ಹೊತ್ತು ಎಲ್ಲ ಸದ್ದೂ ನಿಲ್ಲುತ್ತದೆ. "ಸ್ವಿಚ್ಚು!" ಎಂದು ಎಲ್ಲರೂ ಕೂಗುತ್ತಾರೆ, ಆಫ್ ಮಾಡುತ್ತಾರೆ. ಆಮೇಲೆ ಸ್ತಬ್ಧ. ನನಗೆ ಇವತ್ತಿಗೂ ಬಾಯಿ ಒಣಗುತ್ತದೆ. ಮೊನ್ನೆ ಊಟ ಮುಗಿಸಿ ಒಳಗೆ ಹೋಗುವಷ್ಟರಲ್ಲಿ ಹಾಗೇ ಆಯಿತು. ನಿಂತಲ್ಲೇ ನಿಂತು, ನಾಲಿಗೆಯಿಂದ ಮೆಲ್ಲಗೆ ಟಿಕ್ ಟಿಕ್ ಅಂದೆ.

"ಇದ್ಯಾರ ಮಿಮಿಕ್ರಿ ಗುರು?" ಅಂದರು ಚಟ್ನಿಪುಡಿಯವರು.

"ನಮ್ಮ ಮೇಡಂದು."

"ಮಾತೇ ಇಲ್ವಲ್ಲ?"

ಜನರೇಟರು ಇನ್ನೂ ಶುರುವಾಗಿರಲಿಲ್ಲ. ನಾನು ಷಟರಿನ ಕಡೆಗೆ ಕಿವಿಯಿಟ್ಟು ನಿಂತಿದ್ದೆ.