ರಿಮೋಟಿನ ಅಂಗಿ

ಮೊನ್ನೆ ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಕಾಳಿನ ಅಂಗಡಿಯಲ್ಲಿ ಬಿಳಿಜೋಳ ಕೊಳ್ಳುತ್ತಿದ್ದೆ. ಅಂಗಡಿಯವರು ಚೀಲದ ಬಾಯಿ ಬಿಚ್ಚಿ ತಗಡಿನ ಡಬ್ಬಿಗೆ ಜೋಳ ಸುರಿದರು. ಶ್ಶ್ಶ್ ಎಂದು ಒಂದೇ ಸಮ ಸುರಿಯುವ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನಾನು ಧಾರವಾಡದ ಮಿಶನ್ ಕಂಪೌಂಡಿನ ನಮ್ಮ ಹಂಚಿನ ಮನೆಯ ಪಡಸಾಲೆಯಲ್ಲಿದ್ದೆ. ಹಳೆಯ ಟೀವಿಯಲ್ಲಿ ಚಾನೆಲ್ ಇಲ್ಲದ ನಂಬರಿಗೆ ಹೋದರೆ ತೆರೆಯ ತುಂಬ ಕರಿ ಬಿಳಿ ಇರುವೆ ಮುತ್ತಿಕೊಳ್ಳುತ್ತಿದ್ದವಲ್ಲ, ಆಗ ಬರುತ್ತಿದ್ದ ಸದ್ದು ಥೇಟ್ ಇದೇ. "ಇನ್ನೇನ್ ಬೇಕ್ರಿ ಅಕ್ಕಾರ?" ಎಂದು ಅಂಗಡಿಯವರು ಎರಡು ಸಲ ಕೇಳಿದ ಮೇಲೆ ನನಗೆ ಎಚ್ಚರವಾಯಿತು. ಹತ್ತು ವರ್ಷದ ಹಿಂದಿನ ಮಾತಿಗೆ ಇಷ್ಟೊಂದು ಹಳಹಳಿಯೇ ಎಂದು ನಗಬೇಡಿ. ನಿಮ್ಮ ಮನೆಯಲ್ಲೂ ಆ ಇರುವೆಗಳ ಟೀವಿ ಇದ್ದು, ಅದರ ತಲೆಗೆ ಒಂದೇಟು ಹಾಕಿ ಚಿತ್ರ ಸರಿಮಾಡುವ ಯಾರೋ ಒಬ್ಬರು ಇದ್ದು, ಈಗ ಅವರಿಲ್ಲದಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಆ ಟೀವಿಯ ಒಡತಿ ಟೀಚರ್ ಅಜ್ಜಿ. ನನ್ನ ಅಜ್ಜನ ತಂಗಿ, ಹೆಸರು ಸಾಲೋಮಿ. ಮದುವೆ ಮಾಡಿಕೊಳ್ಳದೆ ಮೂವತ್ತು ವರ್ಷ ಮಿಶನ್ ಸಾಲೆಯ ಹುಡುಗಿಯರಿಗೆ ಹೊಲಿಗೆ, ಕಸೂತಿ ಕಲಿಸಿದವಳು. ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕಬೇಕು. ಎಲ್ಲೂ ಗಂಟು ಹಾಕುವಂತಿಲ್ಲ, ಹಿಂದೂ ಮುಂದೂ ಒಂದೇ ಸಮ ಕಾಣಬೇಕು. ಹುಡುಗಿಯರು ಕೊಟ್ಟ ಬಟ್ಟೆಯನ್ನು ಅವಳು ಮೊದಲು ತಿರುವಿಯೇ ನೋಡುತ್ತಿದ್ದಳಂತೆ. ಒಂದು ಗಂಟು ಕಂಡರೆ ಪೂರ್ತಿ ಬಿಚ್ಚಿಸುತ್ತಿದ್ದಳು. ಈಗಲೂ ಧಾರವಾಡದಲ್ಲಿ ಅವಳ ಹೆಸರು ಹೇಳಿದರೆ ಐವತ್ತು ದಾಟಿದ ಹೆಂಗಸರು ತಮ್ಮ ಬೆರಳ ಗಿಣ್ಣು ಸವರಿಕೊಳ್ಳುತ್ತಾರೆ. ಅಂಥವಳಿಗೆ ಕೆಲಸದಿಂದ ನಿವೃತ್ತಿಯಾದ ನಾಲ್ಕೈದು ವರ್ಷಗಳಲ್ಲಿ ಎರಡೂ ಕಣ್ಣು ಹೋದವು. ನನಗೆ ನೆನಪು ಕೂಡುವ ಹೊತ್ತಿಗೆ ಅವಳಿಗೆ ಹಗಲು ರಾತ್ರಿಯ ಗುರುತೂ ಇರಲಿಲ್ಲ. ಆದರೂ ನೀಲಗಿರಿ ಎಣ್ಣೆಯ ವಾಸನೆಯ ಬಿಳಿ ಸೀರೆಯುಟ್ಟು, ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಟೀವಿ ನೋಡಾಕತ್ತೇನಿ" ಎಂದೇ ಹೇಳುತ್ತಿದ್ದಳು. ಯಾರಿಂದಲೂ ಒಂದು ಲೋಟ ನೀರು ಕೇಳಿದವಳಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅವಳ ಹುಟ್ಟುಗುಣ ಅದು.

ಹಳೆಯ ಕೇಬಲ್ಲಿನ ಕಾಲದಲ್ಲಿ ಅವಳು ಚಾನೆಲ್ಲುಗಳನ್ನು ಅವುಗಳ ರೋಗದಿಂದ ಗುರುತು ಹಿಡಿಯುತ್ತಿದ್ದಳು. ಆಗ ಒಂದೊಂದು ಚಾನೆಲ್ಲಿಗೂ ಒಂದೊಂದು ಜಡ್ಡು. ಆರನೆಯದಕ್ಕೆ ದಮ್ಮು, ಮಾತಿನ ಹಿಂದೆ ಉಸ್ ಉಸ್ ಎನ್ನುತ್ತಿತ್ತು. ಹನ್ನೊಂದರಲ್ಲಿ ಯಾವಾಗಲೂ ಜೇನುಹುಳ ಗುಂಯ್‌ಗುಡುತ್ತಿದ್ದವು. ಹದಿನಾಲ್ಕರಲ್ಲಿ ಕನ್ನಡದವರು ಮಾತಾಡುವಾಗ ದೂರದಲ್ಲೆಲ್ಲೋ ಒಬ್ಬಳು ಮರಾಠಿಯಲ್ಲಿ ಹಾಡುತ್ತಿದ್ದಳು. ಟೀವಿಯ ಮುಂದಿನ ಗುಂಡಿ ಒತ್ತುತ್ತ ಹೋಗಿ, ಬೇಕಾದ ರೋಗ ಸಿಕ್ಕ ಕೂಡಲೇ ಅಜ್ಜಿ ನಿಲ್ಲುತ್ತಿದ್ದಳು. ಪಪ್ಪಾ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವ್ವ ಡ್ಯೂಟಿಗೆ, ನಾನು ಸಾಲೆಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅವಳೊಬ್ಬಳೇ. ಮಧ್ಯಾಹ್ನ ಒಂದರ ಸುದ್ದಿ ಮುಗಿದ ಮೇಲೆ ಕಂಪೌಂಡಿನ ಹೆಂಗಸರು ಕಟ್ಟೆಗೆ ಬಂದು, "ಟೀಚರ್, ಏನ್ ಸುದ್ದಿರಿ ಇವತ್ತ?" ಎಂದು ಕೇಳುತ್ತಿದ್ದರು. ಅಜ್ಜಿ ಮುಖ್ಯಾಂಶಗಳನ್ನು ಹೇಳಿ, ಹವಾಮಾನ ಹೇಳಿ, ಕೊನೆಗೆ ತನ್ನದೊಂದು ಟೀಕೆ ಸೇರಿಸಿ ಕಳಿಸುತ್ತಿದ್ದಳು. ಸುದ್ದಿ ಓದುವವರಿಗಿಂತ ಅವಳ ಉಚ್ಚಾರವೇ ಛಲೋ ಇತ್ತು.

ಆಮೇಲೆ ಸರ್ಕಾರದ ಹುಕುಂ ಬಂತು, ಹಳೆಯ ಕೇಬಲ್ ಬಂದ್, ಇನ್ನು ಎಲ್ಲರ ಮನೆಗೂ ಡಿಜಿಟಲ್ ಡಬ್ಬಿ. ನಮ್ಮ ಓಣಿಯ ಕೇಬಲ್ ನಡೆಸುತ್ತಿದ್ದ ಮಾಬೂಸಾಬರು ನರಪೇತಲ ಮನುಷ್ಯ, ಹೆಗಲಿಗೆ ಯಾವಾಗಲೂ ಒಂದು ಸುತ್ತು ವೈರು. ಅವರೇ ಬಂದು ಟೀವಿಯ ಮೇಲೆ ಸೆಟ್‌ಟಾಪ್ ಬಾಕ್ಸ್ ಕೂರಿಸಿ ಹಚ್ಚಿದರು. ಚಿತ್ರ ನೋಡಿ ನಾವೆಲ್ಲ ಹೋ ಎಂದೆವು. ಸುದ್ದಿ ಓದುವವಳ ಗಲ್ಲದ ಮೇಲೆ ಮಚ್ಚೆ ಇದೆಯೆಂಬುದು ನಮಗೆ ಅವತ್ತೇ ತಿಳಿದದ್ದು. ಮಾಬೂಸಾಬರು ಹಿಗ್ಗಿನಲ್ಲಿ, "ನೋಡ್ರಿ ಟೀಚರ್, ಚಿತ್ರ ಕನ್ನಡಿ ಆಗೇತಿ!" ಅಂದುಬಿಟ್ಟು, ಆಮೇಲೆ ನಾಲಗೆ ಕಚ್ಚಿಕೊಂಡರು. ಅಜ್ಜಿ ನಕ್ಕಳು. "ನೋಡಾಕತ್ತೇನಿ ಮಾಬೂಸಾಬ. ಆದ್ರ ಎಲ್ಲಾರೂ ಒಂದ ದನಿಲೆ ಮಾತಾಡಾಕತ್ತಾರಲ್ಲ? ಯಾರ ಮನ್ಯಾಗ ಕುಂತೇನಿ ಅನ್ನೂದ ತಿಳಿವಲ್ದು" ಎಂದಳು. ಡಬ್ಬಿ ಎಲ್ಲ ಚಾನೆಲ್ಲುಗಳ ರೋಗವನ್ನೂ ಒಂದೇ ದಿನದಲ್ಲಿ ವಾಸಿಮಾಡಿತ್ತು. ದಮ್ಮು ಹೋಯಿತು, ಜೇನುಹುಳ ಹೋದವು, ಮರಾಠಿ ಹಾಡಿನವಳೂ ಹೋದಳು. ಟೀವಿಯ ಗುಂಡಿ ಒತ್ತಿದರೆ ಈಗ ಏನೂ ಬದಲಾಗುತ್ತಿರಲಿಲ್ಲ. ಎಲ್ಲವೂ ಗೇಣುದ್ದದ ಕರಿ ರಿಮೋಟಿನಲ್ಲಿ. ಅದರ ಮೈ ತುಂಬ ಒಂದೇ ಅಳತೆಯ ನಲವತ್ತು ರಬ್ಬರ್ ಗುಂಡಿ. ತಪ್ಪು ಗುಂಡಿ ಒತ್ತಿದರೆ ತೆರೆಯ ಮೇಲೆ ಏನೇನೋ ಪಟ್ಟಿ ಮೂಡಿ ಟೀವಿ ಮೂಕಾಗುತ್ತಿತ್ತು. ಮೊದಲಿನ ಶ್ಶ್ ಎನ್ನುವ ಸದ್ದಾದರೂ ಇದ್ದಿದ್ದರೆ ದಾರಿ ತಪ್ಪಿದ್ದು ತಿಳಿಯುತ್ತಿತ್ತು.

ಕಲಿಸುವ ಕೆಲಸ ನನಗೆ ಬಂತು. ನನಗಾಗ ಹನ್ನೊಂದು ವರ್ಷ, ತಾಳ್ಮೆ ಎಂಬ ಪದಾರ್ಥದ ಪರಿಚಯವೇ ಇರಲಿಲ್ಲ. ಮೇಲಿಂದ ಮೂರನೇ ಸಾಲು, ಎಡದಿಂದ ಎರಡನೇದು ಎಂದು ಅವಳ ಬೆರಳು ಹಿಡಿದು ಎರಡು ದಿನ ತೋರಿಸಿದೆ. ಮೂರನೆಯ ದಿನ, "ನಿನಗ ಆಗೂದಿಲ್ಲ ಬಿಡ ಅಜ್ಜಿ. ನಾ ಬಂದ ಮ್ಯಾಲೆ ಹಚ್ಚಿ ಕೊಡ್ತೇನಿ" ಅಂದುಬಿಟ್ಟೆ. ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು. "ಸೂಜ್ಯಾಗ ದಾರ ಪೋಣಸೂದು ನಿನಗ ಎಷ್ಟ ದಿನಾ ಕಲಿಸಿದ್ನಿ, ನೆನಪೈತೇನ ತಂಗಿ?" ಎಂದು ಕೇಳಿದಳು. ಹದಿನೈದು ದಿನ ಕಲಿಸಿದ್ದಳು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಅದೇ ವಾರ ಒಂದು ಮಧ್ಯಾಹ್ನ ಟೀವಿ ಮೂಕಾಯಿತು. ಅಜ್ಜಿ ಮಾಬೂಸಾಬರನ್ನು ಕರೆಯಲೆಂದು ಒಬ್ಬಳೇ ಗೇಟು ದಾಟಿ, ಗಟಾರದ ಅಂಚಿನಲ್ಲಿ ಕಾಲು ತಪ್ಪಿ ಬಿದ್ದಳು. ತರಕಾರಿ ಮಾರುವ ಹೆಂಗಸು ಎಬ್ಬಿಸಿ ತಂದು ಬಿಟ್ಟಳು. ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಪಪ್ಪಾ ಹೆದರಿದರು. ಸಂಜೆ ಊಟಕ್ಕೆ ಕೂತಾಗ, "ಅತ್ತಿ, ನಿನ್ನ ಬೆಟಗೇರಿಗೆ ಬಿಟ್ಟು ಬರ್ತೇನಿ. ಅಲ್ಲಿ ನಮ್ಮ ಕಾಕಾನ ಮನ್ಯಾಗ ಹಗಲಿಡೀ ಮಂದಿ ಇರ್ತಾರ. ಇಲ್ಲಿ ನೀ ಒಬ್ಬಾಕಿ ಇರೂದು ಇನ್ನ ಆಗೂದಿಲ್ಲ" ಎಂದರು. ಅಜ್ಜಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಪೂರ್ತಿ ತಿಂದು ಮುಗಿಸಿದಳು. ಆಮೇಲೆ ಹೇಳಿದಳು: "ಎಂಟ ದಿನಾ ಕೊಡು ತಮ್ಮಾ. ಎಂಟ ದಿನದಾಗ ಆ ಡಬ್ಬಿ ನನ್ನ ಮಾತ ಕೇಳಲಿಲ್ಲಂದ್ರ ನಾನ ಗಂಟ ಕಟ್ಟತೇನಿ." ಅವಳು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಅವಳು ತನ್ನ ಪೆಟ್ಟಿಗೆ ತೆಗೆಸಿ ಗರಗದ ಖಾದಿಯ ಒಂದು ತುಂಡು ಹುಡುಕಿಸಿದಳು. ಆ ಒರಟು ಬಟ್ಟೆಯ ಎಳೆಗಳನ್ನು ಬೆರಳ ತುದಿಯಿಂದಲೇ ಎಣಿಸಬಹುದು. ರಿಮೋಟಿನ ಮೈಗೆ ಬಿಗಿಯಾಗಿ ಕೂರುವ ಒಂದು ಅಂಗಿ ಹೊಲಿದು, ಒಂದೊಂದು ಗುಂಡಿಯ ಮೇಲೆ ಒಂದೊಂದು ಗುರುತು ಹಾಕುವುದು ಅವಳ ಉಪಾಯ. ಅಜ್ಜಿಗೆ ಅರಿವೆಯ ಚಿಂತೆ ಅನ್ನುವ ಗಾದೆ ನಮ್ಮ ಮನೆಯಲ್ಲಿ ಅಕ್ಷರಶಃ ನಿಜವಾಯಿತು. ನಾನು ಸಾಲೆಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಗಾದಿಯ ತುಂಡಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಮಾಬೂಸಾಬರು ದಿನಾ ಮಧ್ಯಾಹ್ನ ಬಂದು ಎದುರಿಗೆ ಕೂತು ಯಾವ ಗುಂಡಿ ಯಾವುದೆಂದು ಹೇಳುತ್ತಿದ್ದರು. ಇಡೀ ಊರಿಗೆ ಡಬ್ಬಿ ಕೂರಿಸಬೇಕಾದ ಗಡಿಬಿಡಿಯಲ್ಲೂ ಆ ಮನುಷ್ಯ ಒಂದು ದಿನ ತಪ್ಪಿಸಲಿಲ್ಲ. ಮೂರು ದಿನದಲ್ಲಿ ಅಂಗಿ ಮುಗಿಯಿತು. ಕಣ್ಣಿಲ್ಲದ ಕೈ ಹಾಕಿದ ಕಸೂತಿ ಅದು, ಆದರೂ ತಿರುವಿ ನೋಡಿದರೆ ಹಿಂದೂ ಮುಂದೂ ಒಂದೇ. ಅವ್ವ ಬೆರಗಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಜ್ಜಿ ಮಾತ್ರ ಅಂಗಿಯ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದಳು. "ಏನಾತು ಅಜ್ಜಿ?" ಎಂದೆ. "ಛಲೋ ಹೊಲಿಗಿ ಕೈಗೆ ಹತ್ತಂಗಿಲ್ಲ ತಂಗಿ. ಎಲ್ಲಾ ಸಪಾಟ ಐತಿ" ಎಂದಳು.

ಮರುದಿನ ಅವಳು ಅದನ್ನು ಪೂರ್ತಿ ಬಿಚ್ಚಿದಳು. ಒಂದೊಂದೇ ಎಳೆ ಎಳೆದು, ದಾರ ಹರಿಯದಂತೆ ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಸೂಜಿ ಹಿಡಿದು, ಮೂವತ್ತು ವರ್ಷ ಯಾರಿಗೂ ಹಾಕಗೊಡದ ಗಂಟು ಹಾಕಲು ಶುರುಮಾಡಿದಳು. ಅಂಕಿಗಳ ಮೊದಲ ಸಾಲಿಗೆ ಒಂದೊಂದು ಗಂಟು, ಎರಡನೆಯದಕ್ಕೆ ಎರಡೆರಡು, ಮೂರನೆಯದಕ್ಕೆ ಮೂರು ಮೂರು. ಬಂದ್ ಮಾಡುವ ಗುಂಡಿಗೆ ದಪ್ಪ ದಾರದ ಶಿಲುಬೆ. ಎಲ್ಲ ಕೆಟ್ಟರೆ ಅದನ್ನು ಒತ್ತಿ, ಹತ್ತು ಎಣಿಸಿ, ಮತ್ತೆ ಒತ್ತಬೇಕೆಂದು ಮಾಬೂಸಾಬರು ಹೇಳಿಕೊಟ್ಟಿದ್ದರು. ನಾನು ಸಾಲೆಯಿಂದ ಬಂದು ನೋಡಿದರೆ ಅಂಗಿಯ ಹಿಂಭಾಗ ಇಲಿ ಕೆದರಿದ ಹಾಗಿತ್ತು. "ನಮ್ಮ ಹುಡುಗ್ಯಾರ ಯಾರರ ಇದನ್ನ ನೋಡಿದ್ರ ನನ್ನ ಬೆಂಚಿನ ಮ್ಯಾಲೆ ನಿಲ್ಲಸ್ತಾರ" ಎಂದು ಅಜ್ಜಿ ಜೋರಾಗಿ ನಕ್ಕಳು. ತಾನು ಅಭಿಮಾನಪಟ್ಟ ವಿದ್ಯೆಯನ್ನು ಅಷ್ಟು ಸಲೀಸಾಗಿ ಮುರಿದು ನಕ್ಕವರನ್ನು ನಾನು ಆಮೇಲೆ ಯಾರನ್ನೂ ಕಂಡಿಲ್ಲ.

ಇನ್ನು ನಂಬರುಗಳ ಪಾಡು. ಎಲ್ಲ ಚಾನೆಲ್ಲಿಗೂ ಮೂರಂಕಿಯ ನಂಬರು. ಅದಕ್ಕೆ ಅವಳು ಚರ್ಚಿನ ಹಾಡಿನ ಪುಸ್ತಕ ಹಿಡಿದಳು. ಆ ಪುಸ್ತಕದ ಹಾಡುಗಳೆಲ್ಲ ಅವಳಿಗೆ ನಂಬರಿನ ಸಮೇತ ಬಾಯಿಪಾಠ. ಮಾಬೂಸಾಬರು ಚಾನೆಲ್ಲಿನ ನಂಬರು ಹೇಳಿದರೆ ಅವಳು ಆ ನಂಬರಿನ ಹಾಡಿನ ಮೊದಲ ಸಾಲು ಗುನುಗಿ ಎರಡನ್ನೂ ಜೋಡಿಸಿಟ್ಟುಕೊಳ್ಳುತ್ತಿದ್ದಳು. ಸುಗ್ಗಿಯ ಹಬ್ಬದ ಹಾಡಿನ ನಂಬರಿಗೆ ಅಡುಗೆಯ ಚಾನೆಲ್ಲು ಬಂತು. ಮಣ್ಣು ಕೊಡುವಾಗ ಹಾಡುವ ಹಾಡಿನ ನಂಬರಿಗೆ ಸರಿಯಾಗಿ ದಿನಾ ಅಳುವ ಧಾರಾವಾಹಿಯದು ಬಂದಾಗ, "ಹೊಂದಿಕಿ ಆತು ನೋಡ್ರಿ" ಎಂದಳಂತೆ. ಮಾಬೂಸಾಬರು ಅದನ್ನು ಓಣಿಯೆಲ್ಲ ಹೇಳಿಕೊಂಡು ನಕ್ಕರು.

ಎಂಟನೆಯ ದಿನ ಭಾನುವಾರ. ಚರ್ಚು ಮುಗಿಸಿ ಬಂದು ಪಪ್ಪಾ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. "ಸುದ್ದಿ ಹಚ್ಚು ಅತ್ತಿ" ಎಂದರು. ಬಂತು. ಅಡುಗೆ ಅಂದರು, ಬಂತು. ಹಳೆಯ ಸಿನಿಮಾ ಅಂದಾಗ ಬೆರಳು ಒಂದು ಗುಂಡಿ ಪಕ್ಕಕ್ಕೆ ಸರಿದು ಯಾವುದೋ ತಿಳಿಯದ ಭಾಷೆಯ ಜಗಳ ಮನೆ ತುಂಬಿತು. ಅಜ್ಜಿ ತಲೆ ಓರೆ ಮಾಡಿ ಕೇಳಿ, "ಇವರು ನಮ್ಮ ಪೈಕಿ ಅಲ್ಲ" ಎಂದು ಮತ್ತೆ ಮೂರು ಅಂಕಿ ಒತ್ತಿದಳು. ಸಿನಿಮಾ ಬಂತು. ಪಪ್ಪಾ ಕೊನೆಗೆ ರಿಮೋಟು ಇಸಿದುಕೊಂಡು ಬೇಕೆಂದೇ ಅದೂ ಇದೂ ಒತ್ತಿ ಟೀವಿಯನ್ನು ಮೂಕಾಗಿಸಿ ಕೊಟ್ಟರು. ಅಜ್ಜಿ ಶಿಲುಬೆ ಹುಡುಕಿ ಒತ್ತಿದಳು, ಹತ್ತು ಎಣಿಸಿದಳು, ಮತ್ತೆ ಒತ್ತಿದಳು. ಟೀವಿ ಮಾತಾಡಿತು. ಪಪ್ಪಾ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದರು. ಬೆಟಗೇರಿಯ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ. ಕೆಲವು ತಿಂಗಳಿಗೆ ಕೇಬಲ್ಲಿನವರು ನಂಬರುಗಳನ್ನೆಲ್ಲ ಬದಲಿಸಿ ಜನ ಕಂಗಾಲಾದಾಗ, ಎರಡೂ ಕಣ್ಣಿದ್ದ ಹೆಂಗಸರು ನಮ್ಮ ಕಟ್ಟೆಗೆ ಬಂದು, "ಟೀಚರ್, ನಮ್ಮ ಧಾರಾವಾಹಿ ಈಗ ಎಷ್ಟರಾಗ ಬರತೈತ್ರಿ?" ಎಂದು ಅಜ್ಜಿಯನ್ನೇ ಕೇಳುತ್ತಿದ್ದರು.

ಆಮೇಲೆ ನಾಲ್ಕು ವರ್ಷ ಅವಳು ನಮ್ಮ ಜೊತೆಗಿದ್ದಳು. ಅವಳು ಹೋದ ಮರುವರ್ಷ ಆ ಸಾಲಿನ ಹಂಚಿನ ಮನೆಗಳನ್ನು ಕೆಡವುತ್ತಾರೆಂದು ನಾವೂ ಖಾಲಿ ಮಾಡಿದೆವು. ಈಗ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಮನೆ ಬಿಡುವ ದಿನ ಮಾಬೂಸಾಬರು ಡಬ್ಬಿ ಬಿಚ್ಚಿಕೊಳ್ಳಲು ಬಂದರು. ಕೊಡುವ ಮುಂಚೆ ರಿಮೋಟಿನ ಅಂಗಿ ಕಳಚಲು ಹೋದಾಗ ನನ್ನ ಹೆಬ್ಬೆರಳಿಗೆ ಬಲಗಡೆಯ ಮೂಲೆಯಲ್ಲಿ ಹುಣಸೆಬೀಜದಷ್ಟು ದಪ್ಪದ ಗಂಟೊಂದು ಸಿಕ್ಕಿತು. ಅಷ್ಟು ದೊಡ್ಡ ಗಂಟು ಬೇರೆಲ್ಲೂ ಇರಲಿಲ್ಲ. ಬಟ್ಟೆ ಸರಿಸಿ ನೋಡಿದರೆ ಅದರ ಕೆಳಗಿದ್ದದ್ದು ದನಿ ನಿಲ್ಲಿಸುವ ಗುಂಡಿ. ದನಿಯೊಂದೇ ಗತಿಯಾಗಿದ್ದ ಅಜ್ಜಿಗೆ ಈ ಗುಂಡಿ ಯಾಕೆ, ಎಲ್ಲೋ ತಪ್ಪಿ ಹಾಕಿರಬೇಕು ಎಂದೆ. ಮಾಬೂಸಾಬರು ತಲೆಯಾಡಿಸಿದರು. "ಇಲ್ಲವ್ವಾ, ಟೀಚರ್ ಎಲ್ಲಾಕ್ಕಿಂತ ಮೊದಲ ಕೇಳಿದ್ದ ಇದನ್ನ. 'ನಮ್ಮ ಹುಡುಗಿ ಸಾಲಿಯಿಂದ ಬಂದು ಗೇಟ ತಗದ್ಲಂದ್ರ ಟೀವಿ ಬಾಯಿ ಲಗೂನ ಮುಚ್ಚಬೇಕು. ಆಕಿ ಏನರ ಹೇಳತಾಳ, ಕೇಳಬೇಕು. ಆ ಗುಂಡಿ ಯಾವುದು ಮಾಬೂಸಾಬ?' ಅಂತಂದಿದ್ರು."

ನಾನು ಗೇಟು ತೆಗೆಯುವಾಗ ಟೀವಿ ಸುಮ್ಮನಾಗುತ್ತಿದ್ದದ್ದು ನಿಜ. ಒಳಗೆ ಬಂದರೆ ಅಜ್ಜಿ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು. ತೆರೆಯ ಮೇಲೆ ಚಿತ್ರ ಓಡುತ್ತಲೇ ಇರುತ್ತಿತ್ತು, ದನಿ ಇಳಿಸಿ ನಿದ್ದೆ ಹೋಗಿದ್ದಾಳೆಂದು ನಾನು ತಿಳಿದೆ. ಎಚ್ಚರವಾದೀತೆಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಉಸಿರು ಕೂಡ ಮಾಡದೆ, ನಾಲ್ಕು ವರ್ಷ ದಿನಾ ಅವಳ ಮುಂದಿನಿಂದ ದಾಟಿ ಹೋದೆ.