ದೊಡ್ಡಪ್ಪ ದಾರ ಕಟ್ಟದೆ ಬಿಟ್ಟ ರಾಕೆಟ್ಟು

ಮೈದಾ ಹಿಟ್ಟಿನ ಅಂಟು ಕಾಯಿಸುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಹುಳಿ, ಅರ್ಧ ಹಸಿ, ತಳ ಹಿಡಿದರೆ ಸ್ವಲ್ಪ ಸೀದ ರೊಟ್ಟಿಯದು. ಮೊನ್ನೆ ನಾನು ಪಾಠ ಹೇಳುವ ಶಾಲೆಯಲ್ಲಿ ಮಕ್ಕಳು ಗೋಡೆಗೆ ಚಿತ್ರಪಟ ಅಂಟಿಸಬೇಕೆಂದು ಬಿಸಿಯೂಟದ ಅಡುಗೆಮನೆಯಲ್ಲಿ ಒಂದು ಡಬ್ಬಿ ಅಂಟು ಕಾಯಿಸಿಕೊಂಡು ಬಂದರು. ನಾನು ಬೋರ್ಡಿನ ಮೇಲೆ ಅರ್ಧ ಬರೆದಿದ್ದ ವಾಕ್ಯವನ್ನು ಹಾಗೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟೆ. ಮಕ್ಕಳು ಟೀಚರಿಗೆ ತಲೆ ಸುತ್ತು ಬಂದಿದೆ ಎಂದುಕೊಂಡು ನೀರು ತಂದುಕೊಟ್ಟರು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಯಾವುದೋ ಸೀಗೆಪುಡಿಯದೋ, ಹಳೇ ಟ್ರಂಕಿನದೋ. ಅದು ಬಂದಾಗ ಕೆಲಸ ಬಿಟ್ಟು ಸುಮ್ಮನೆ ನಿಲ್ಲಬೇಕಾಗುತ್ತದೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮೂಗಿಗೆ ಬಡಿದದ್ದು ಪುರವರದ ಹತ್ತಿರದ ನಮ್ಮೂರಿನ ಮಾಳಿಗೆ ಮನೆ, ಅದರ ಜಗಲಿ, ಜಗಲಿಯ ಮೇಲೆ ಪಟದ ಕಾಗದ ಹರಡಿಕೊಂಡು ಬೆರಳ ತುಂಬ ಅಂಟು ಮೆತ್ತಿಕೊಂಡು ಕೂತ ನಮ್ಮ ದೊಡ್ಡಪ್ಪ.

ದೊಡ್ಡಪ್ಪ ನಮ್ಮಪ್ಪನ ಅಣ್ಣ, ಮನೆಯ ಯಜಮಾನ. ಆಷಾಢ ಬಂತೆಂದರೆ ಅವನು ಹೊಲ, ಮೇಕೆ ಎಲ್ಲ ನಮ್ಮಪ್ಪನಿಗೆ ಒಪ್ಪಿಸಿ ಗಾಳಿಪಟಕ್ಕೆ ಕೂರುತ್ತಿದ್ದ. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ, ಪಟ ಹುಳು ತಿನ್ನದೆ ಮುಂದಿನ ವರ್ಷಕ್ಕೂ ಬರುತ್ತದೆ ಎನ್ನುತ್ತಿದ್ದ. ಯಾವ ಪಟವೂ ಮುಂದಿನ ವಾರಕ್ಕೆ ಬಂದದ್ದು ನಾನು ಕಾಣೆ. ಅವನ ನಿಜವಾದ ಪ್ರೀತಿ ಪಟದ ಮೇಲಲ್ಲ, ದಾರದ ಮೇಲೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಿಹಾಕುವ ಮನುಷ್ಯ ಅವನು. ಕನ್ನಡಕಕ್ಕೆ ದಾರ, ಟಾರ್ಚಿಗೆ ದಾರ, ಸುಣ್ಣದ ಡಬ್ಬಿಗೆ ದಾರ. ಮೊಬೈಲು ಆಗಿನ್ನೂ ನಮ್ಮ ಬೀದಿಗೆ ಹೊಸದು. ಮೊದಲ ಮೊಬೈಲು ಬಂದ ದಿನ ಅದಕ್ಕೂ ಒಂದು ದಾರ ಬಿಗಿದು ಕೊರಳಿಗೆ ಹಾಕಿಕೊಂಡ. ಮಧುಗಿರಿ ಸಂತೆಗೆ ಕರೆದುಕೊಂಡು ಹೋದರೆ ನನ್ನ ಲಂಗದ ಲಾಡಿಗೆ ತನ್ನ ಟವೆಲ್ಲಿನ ತುದಿ ಗಂಟು ಹಾಕುತ್ತಿದ್ದ. ಹಾಗೆ ನಾನು ಒಂದು ಸಲ ಬಳೆ ಅಂಗಡಿಯ ಮುಂದೆ, ಅವನು ಹಗ್ಗದ ಅಂಗಡಿಯ ಮುಂದೆ ಎಳೆದಾಡಿ, ನಡುವೆ ಬಂದ ಸೈಕಲ್ಲಿನವನನ್ನು ಬೀಳಿಸಿದ್ದೂ ಉಂಟು. ಅವನು ಹಾಕಿದ ಗಂಟನ್ನು ಬಿಚ್ಚಿಕೊಂಡು ಹೋದ ಮೇಕೆ ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಇಂಥ ಮನೆಗೆ ರಾಕೆಟ್ಟು ಬಂದದ್ದು ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ. ವಿಜ್ಞಾನದಲ್ಲಿ ಶಾಲೆಗೇ ಹೆಚ್ಚು ಅಂಕ ತೆಗೆದೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ತಮ್ಮ ಕಡೆಯ ಬಹುಮಾನವೆಂದು ಒಂದು ಪೆಟ್ಟಿಗೆ ತಂದುಕೊಟ್ಟರು. ಒಳಗೆ ಒಂದು ರಟ್ಟಿನ ಕೊಳವೆ, ಚೂಪು ಮೂತಿ, ತೆಳ್ಳನೆ ಮರದ ರೆಕ್ಕೆಗಳು, ಕೆಂಪು ಬಿಳಿ ಪಟ್ಟೆಯ ಪ್ಲಾಸ್ಟಿಕ್ಕಿನ ಪುಟ್ಟ ಕೊಡೆ, ಒಂದು ಕಬ್ಬಿಣದ ಕಡ್ಡಿ, ಸ್ವಿಚ್ಚಿದ್ದ ವೈರು, ಒಂದು ಸಲ ಹಾರಿಸಲು ಒಂದರಂತೆ ಎರಡು ಸಿಡಿಮದ್ದಿನ ಬಿಲ್ಲೆ. ಮೇಷ್ಟ್ರು ಬಂದದ್ದು ಬಹುಮಾನ ಕೊಡುವುದಕ್ಕೆ ಮಾತ್ರ ಅಲ್ಲ. ನನ್ನನ್ನು ತುಮಕೂರಿನಲ್ಲಿ ಹಾಸ್ಟೆಲಿಗೆ ಸೇರಿಸಿ ಪಿಯುಸಿ ವಿಜ್ಞಾನ ಓದಿಸಿ ಎಂದು ಹೇಳುವುದಕ್ಕೆ. ನಮ್ಮಪ್ಪ ಅಣ್ಣನ ಮುಖ ನೋಡಿದ. ನಮ್ಮಮ್ಮ ಒಳಬಾಗಿಲಿನಿಂದ ಅಪ್ಪನ ಮುಖ ನೋಡಿದಳು. ದೊಡ್ಡಪ್ಪ ಎಲ್ಲಿಯೂ ನೋಡದೆ, ಹೆಣ್ಣುಮಗು ಒಂದೇ ಅಷ್ಟು ದೂರ ಹೋಗುವುದು ಬೇಡ, ಇಲ್ಲೇ ಏನಾದರೂ ಓದಿಕೊಳ್ಳಲಿ ಎಂದ. ಅವನು ಬೇಡ ಎಂದದ್ದು ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಮೇಷ್ಟ್ರು ಹಟಕ್ಕೆ ಬೀಳುವವರಲ್ಲ. ಮಾತು ತಿರುಗಿಸಿ ಪೆಟ್ಟಿಗೆ ತೋರಿಸುತ್ತ, ಇದು ತಾನಾಗಿ ಮೇಲೆ ಹೋಗುತ್ತದೆ, ತುದಿಯಲ್ಲಿ ಕೊಡೆ ಬಿಚ್ಚಿಕೊಂಡು ತಾನಾಗಿ ಇಳಿದು ಬರುತ್ತದೆ ಎಂದು ವಿವರಿಸಿದರು. ದಾರ ಎಲ್ಲಿ ಕಟ್ಟುವುದು ಎಂದು ದೊಡ್ಡಪ್ಪ ಕೇಳಿದ. ದಾರ ಇಲ್ಲ ಎಂದರು. ದೊಡ್ಡಪ್ಪನಿಗೆ ಇದು ತನ್ನನ್ನು ಹಂಗಿಸಲು ಹೇಳಿದ ಮಾತೇ ಇರಬೇಕು ಅನ್ನಿಸಿತೋ ಏನೋ, ಜಗಲಿಯಿಂದ ಎದ್ದು ನಿಂತ.

“ಬುಟ್ಟಿದ್ದು ತಾನಾಗೇ ವಾಪಸ್ ಬತ್ತೈತೆ ಅಂತೀರಲ್ಲ ಮೇಷ್ಟ್ರೇ, ದಾರ ಇಲ್ದಂಗೆ ಇದು ಮನೆಗೆ ಬರ್ಲಿ. ಅವತ್ತೇ ಇವ್ಳನ್ನೂ ತುಮಕೂರಿಗೆ ಕಳಿಸ್ತೀನಿ.”

ಹತ್ತು ಜನರೆದುರು ಯಜಮಾನ ಆಡಿದ ಮಾತು. ಅಂದಿನಿಂದ ನನ್ನ ಓದು ಆ ರಟ್ಟಿನ ಕೊಳವೆಯೊಳಗೆ ಹೋಗಿ ಕೂತಿತು. ಪೆಟ್ಟಿಗೆಯಲ್ಲಿದ್ದ ಗೋಂದಿನ ಟ್ಯೂಬು ಒಣಗಿ ಕಲ್ಲಾಗಿತ್ತು. ಆಗ ತಾನಾಗಿ ಮೈದಾ ಅಂಟಿನ ಪಾತ್ರೆ ಹಿಡಿದು ಬಂದವನು, ಬೇಡ ಎಂದಿದ್ದ ದೊಡ್ಡಪ್ಪನೇ. ಅಂಟಿಸುವ ಕೆಲಸ ಕಣ್ಣೆದುರು ನಡೆಯುವಾಗ ಅವನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ರೆಕ್ಕೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಓರೆ ನೋಡಿ, ಉಸಿರು ಬಿಗಿಹಿಡಿದು ಕೂರಿಸಿದ. ಆಮೇಲೆ ಇದಕ್ಕೆ ಬಾಲಂಗೋಚಿ ಎಲ್ಲಿ ಎಂದ. ಬಾಲ ಇಲ್ಲದ್ದು ಆಕಾಶದಲ್ಲಿ ನಿಲ್ಲುವುದಿಲ್ಲ ಎನ್ನುವುದು ಅವನ ಶಾಸ್ತ್ರ. ಇದು ನಿಲ್ಲಬೇಕಾಗಿಲ್ಲ, ಹೋಗಬೇಕು ಅಷ್ಟೇ ಎಂದು ನಾನು ಎಷ್ಟು ಹೇಳಿದರೂ ಅವನು ದೊಡ್ಡಮ್ಮನ ಹಳೇ ಸೀರೆಯ ಅಂಚು ಹರಿದು ತಂದ. ಆ ಸೀರೆ ಹಳೆಯದು ಎಂದು ದೊಡ್ಡಮ್ಮ ಒಪ್ಪಲಿಲ್ಲವಾದ್ದರಿಂದ ಬಾಲಂಗೋಚಿ ಉಳಿಯಲಿಲ್ಲ. ಅಜ್ಜಿ ಕೊಳವೆಯೊಳಗೆ ಇಣುಕಿ, ಇದರಲ್ಲಿ ಮನುಷ್ಯರು ಹೆಂಗೆ ಕೂರುತ್ತಾರೆ ಎಂದು ಕೇಳಿದಳು. ಕೂರುವುದಿಲ್ಲ ಎಂದ ಮೇಲೆ ಅವಳಿಗೆ ಅದರ ಮೇಲಿದ್ದ ಗೌರವ ಅರ್ಧ ಇಳಿಯಿತು.

ಮನೆಗೆ ಬಂದ ಯಾವ ಹೊಸ ವಾಹನವನ್ನೂ ಪೂಜೆ ಮಾಡದೆ ಹೊರಡಿಸುವ ಪದ್ಧತಿ ನಮ್ಮಲ್ಲಿಲ್ಲ. ಕಣದ ನಡುವೆ ಇಟ್ಟಿಗೆಯ ತೂತಿಗೆ ಕಡ್ಡಿ ನೆಟ್ಟು, ರಾಕೆಟ್ಟು ಸಿಕ್ಕಿಸಿ, ಅಜ್ಜಿ ಅದಕ್ಕೆ ವಿಭೂತಿ ಬಳಿದು ಕುಂಕುಮ ಇಟ್ಟಳು. ನಿಂಬೆಹಣ್ಣನ್ನು ಚಕ್ರದ ಕೆಳಗಿಡಬೇಕು. ಇದಕ್ಕೆ ಚಕ್ರವೇ ಇಲ್ಲವಲ್ಲ ಎನ್ನುವುದು ಒಂದು ದೊಡ್ಡ ಪ್ರಶ್ನೆಯಾಯಿತು. ಕೊನೆಗೆ ನಮ್ಮಪ್ಪನ ಮೊಪೆಡ್ಡನ್ನೇ ತಂದು ಪಕ್ಕದಲ್ಲಿ ನಿಲ್ಲಿಸಿ, ಅದರ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅದನ್ನು ಒಂದು ಮಾರು ಮುಂದಕ್ಕೆ ಓಡಿಸಿ, ರಾಕೆಟ್ಟಿನ ಲೆಕ್ಕಕ್ಕೆ ಹಾಕಿದರು. ಅಷ್ಟರಲ್ಲಿ ದೊಡ್ಡಪ್ಪ ಪಟದ ದಾರದ ಉಂಡೆ ತಂದು ರಾಕೆಟ್ಟಿನ ರೆಕ್ಕೆಗೆ ಗಂಟು ಹಾಕುತ್ತಿದ್ದ. ಹೊಸ ಹೋರಿಯನ್ನು ಮೊದಲ ದಿನವೇ ಬಿಟ್ಟು ಉಳುತ್ತಾರೆಯೇ, ಮೂಗುದಾರ ಹಿಡಿದು ನಾಲ್ಕು ಸುತ್ತು ಅಭ್ಯಾಸ ಮಾಡಿಸುವುದಿಲ್ಲವೇ ಎನ್ನುವುದು ಅವನ ವಾದ. ಇರುವುದೇ ಎರಡು ಬಿಲ್ಲೆ ಎಂದು ನಾನು ಅತ್ತುಕೊಂಡೆ. ಇದು ಅಭ್ಯಾಸಕ್ಕೆ, ಇನ್ನೊಂದು ಲೆಕ್ಕಕ್ಕೆ ಎಂದ. ಉಂಡೆಯನ್ನು ಅಂಗೈಯಲ್ಲಿ ಹಿಡಿದು ಕಾಲು ಅಗಲಿಸಿ ನಿಂತ. ನಾನು ಸ್ವಿಚ್ಚು ಒತ್ತಿದೆ.

ಚುಂಯ್ ಎಂದು ಹೊಗೆ ಕಕ್ಕುತ್ತ ಅದು ಎದ್ದದ್ದಷ್ಟೇ ನಿಚ್ಚಳವಾಗಿ ಕಂಡದ್ದು. ದಾರ ಬಿಗಿಯಿತು, ರಾಕೆಟ್ಟು ಆಕಾಶವನ್ನು ಬಿಟ್ಟು ದೊಡ್ಡಪ್ಪನನ್ನು ಸುತ್ತತೊಡಗಿತು. ಒಂದು ಸುತ್ತಿಗೆ ಅವನ ಟವೆಲ್ಲು ಹೋಯಿತು, ಎರಡನೆಯದಕ್ಕೆ ಅವನು ಕೂತ, ಮೂರನೆಯದಕ್ಕೆ ರೆಕ್ಕೆ ಕಿತ್ತು ದಾರದಲ್ಲಿ ಉಳಿದು, ಮಿಕ್ಕದ್ದು ಮಾಳಿಗೆ ಹತ್ತಿ, ಬೆಳಕಿಂಡಿಯಲ್ಲಿ ಇಳಿದು ಅಡುಗೆಮನೆಗೆ ಹೋಯಿತು. ದೊಡ್ಡಮ್ಮ ಮುದ್ದೆ ತೊಳಸುತ್ತಿದ್ದಳು. ಒಳಗೆ ಟಪ್ ಎಂದು ಸದ್ದಾಯಿತು. ನಾವು ಓಡಿ ಹೋಗಿ ನೋಡಿದರೆ ದೊಡ್ಡಮ್ಮ ಕೋಲು ಕೈಯಲ್ಲಿ ಹಿಡಿದು ಗೋಡೆಗೆ ಒರಗಿದ್ದಾಳೆ, ಮುದ್ದೆಯ ಪಾತ್ರೆಯ ಮೇಲೆ ಕೆಂಪು ಬಿಳಿ ಕೊಡೆ ಚೆಂದವಾಗಿ ಬಿಚ್ಚಿಕೊಂಡು ಕೂತಿದೆ. ಅಜ್ಜಿ ಅದಕ್ಕೆ ಕೈಮುಗಿದಳು. ಮೇಷ್ಟ್ರು ಹೇಳಿದ ಹಾಗೆ ಮನೆಗೇ ಬಂತಲ್ಲ ಎಂದು ನಾನು ಅಂದೆ. ದಾರ ಕಟ್ಟಿತ್ತು, ಲೆಕ್ಕಕ್ಕಿಲ್ಲ ಎಂದು ದೊಡ್ಡಪ್ಪ ಅಂಗೈಯ ಗಾಯಕ್ಕೆ ಅರಿಶಿನ ಒತ್ತಿಕೊಂಡ. ಆ ದಿನ ಮನೆಮಂದಿಯೆಲ್ಲ ಮದ್ದಿನ ವಾಸನೆಯ ಮುದ್ದೆ ಉಂಡೆವು.

ಮತ್ತೆ ಅಂಟು ಕಾದಿತು, ರೆಕ್ಕೆ ಕೂತಿತು, ಒಣಗಿತು. ಎರಡನೆಯ ಸಲ ಯಾರೂ ನಗಲಿಲ್ಲ. ದೊಡ್ಡಪ್ಪ ದಾರದ ಉಂಡೆಯನ್ನು ಒಳಗಿಟ್ಟು ಬರಿಗೈಯಲ್ಲಿ ಬಂದು ನಿಂತ. ಬರಿಗೈಯಲ್ಲಿ ಅವನನ್ನು ನಾನು ಅದೇ ಮೊದಲು ಕಂಡದ್ದು. ಆ ಕೈ ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ. ಸ್ವಿಚ್ಚು ಒತ್ತಿದೆ. ಅದು ಹೋದ ಬಗೆಯನ್ನು ಈಗಲೂ ಹೇಳಲು ಬರುವುದಿಲ್ಲ. ಇಟ್ಟಿಗೆಯ ಮೇಲಿತ್ತು, ಆಮೇಲೆ ಇರಲಿಲ್ಲ, ಎಲ್ಲರ ಕತ್ತು ಮೇಲಕ್ಕಿತ್ತು. ಹುಣಸೆಮರಕ್ಕಿಂತ ಎಷ್ಟೋ ಮೇಲೆ ಕೆಂಪು ಬಿಳಿ ಚುಕ್ಕೆಯೊಂದು ಅರಳಿದಾಗ ನಮ್ಮಪ್ಪ, ಜೋರಾಗಿ ಮಾತೇ ಆಡದ ನಮ್ಮಪ್ಪ, ಶಿಳ್ಳೆ ಹಾಕಿದ. ಅದು ಇಳಿಯತೊಡಗಿತು. ಆದರೆ ಆಷಾಢದ ಗಾಳಿ. ಪಟ ಹಾರಿಸುವ ಗಾಳಿಯ ಗುಣ ಗೊತ್ತಿದ್ದ ಮನೆಯಲ್ಲಿ, ದಾರದ ಜಗಳದ ನಡುವೆ ಒಬ್ಬರೂ ಅದನ್ನು ಯೋಚಿಸಿರಲಿಲ್ಲ. ಕೊಡೆ ಹುಣಸೆಮರ ದಾಟಿತು, ಕೆರೆ ಏರಿ ದಾಟಿತು, ಮೂಡಲ ದಿಕ್ಕಿಗೆ ಸಣ್ಣಗಾಗುತ್ತ ಹೋಗಿ ಕಾಣದಾಯಿತು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಓಡಿದ.

ಮಿಕ್ಕವರು ಮನೆಯೊಳಗೆ ಬಂದೆವು. ಯಾರೂ ನನ್ನ ಮುಖ ನೋಡಲಿಲ್ಲ. ನಾನು ಕೊಟ್ಟಿಗೆಯಲ್ಲಿ ಮೇಕೆಗಳ ನಡುವೆ ಕೂತು ಸಾಕಾಗುವಷ್ಟು ಅತ್ತೆ. ಮಧ್ಯಾಹ್ನದ ಊಟಕ್ಕೆ ದೊಡ್ಡಪ್ಪ ಬರಲಿಲ್ಲ. ಹೊತ್ತು ಮುಳುಗುವಾಗ ಬಂದ. ಮೊಣಕಾಲಿನವರೆಗೆ ಜಾಲಿಮುಳ್ಳು ಗೀರಿತ್ತು, ಪಂಚೆ ಹರಿದಿತ್ತು, ಕೈ ಖಾಲಿ. ಜಗಲಿಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದು, ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದ.

“ಬಂತು ಕಣಮ್ಮ. ಏರಿ ತಂಕ ಹೋಗಿ ಗಾಳಿ ತಿರುಗ್ತು. ಸೀದಾ ನಮ್ಮ ಹಿತ್ಲಿಗೇ ಬಂದು ಇಳೀತು. ನಾನು ಓಡಿ ಬರೋ ಹೊತ್ಗೆ ಮೇಕೆ ತಿಂದ್ಬುಡ್ತು.”

ಯಾವ ಮೇಕೆ ಎಂದು ಅಜ್ಜಿ ಕೇಳಿದಳು. ಕೊಂಬು ಮುರಿದದ್ದು ಎಂದ. ಕೊಂಬು ಮುರಿದದ್ದು ಬೆಳಗಿನಿಂದ ಕೊಟ್ಟಿಗೆಯಲ್ಲೇ ಕಟ್ಟಿದೆಯಲ್ಲ ಎಂದಳು ದೊಡ್ಡಮ್ಮ. ನಾನು ಇಡೀ ದಿನ ಅದರ ಪಕ್ಕದಲ್ಲೇ ಕೂತಿದ್ದೆ. ದೊಡ್ಡಪ್ಪ ಚೊಂಬಿನೊಳಗೆ ನೋಡಿದ.

“ಬಿಚ್ಕೊಂಡಿತ್ತು. ನಾನ್ ಹಾಕಿದ್ ಗಂಟು ಸರಿ ಇರ್ಲಿಲ್ಲ” ಅಂದ.

ತನ್ನ ಗಂಟು ಸರಿಯಿಲ್ಲವೆಂದು ಅವನು ಒಪ್ಪಿದ್ದು ಬದುಕಿನಲ್ಲಿ ಅದೊಂದೇ ಸಲ. ಮುಂದಿನ ವಾರ ನಾನು ತುಮಕೂರಿನ ಬಸ್ಸು ಹತ್ತಿದೆ. ಟ್ರಂಕಿಗೆ ಅವನೇ ಹಗ್ಗ ಬಿಗಿದಿದ್ದ. ಹಾಸ್ಟೆಲಿನಲ್ಲಿ ಅದನ್ನು ಬಿಚ್ಚಲಾಗದೆ ಕುಯ್ಯಬೇಕಾಯಿತು.

ಆಮೇಲಿನದು ನಿಮ್ಮ ಮನೆಗಳಲ್ಲಿ ಆದದ್ದೇ. ಅಜ್ಜಿ ಹೋದಳು. ಅಣ್ಣತಮ್ಮಂದಿರು ಜಗಳವಿಲ್ಲದೆ ಭಾಗವಾದರು, ಆದರೆ ಮಾಳಿಗೆ ಮನೆಯನ್ನು ಭಾಗ ಮಾಡಲು ಬರುವುದಿಲ್ಲವಲ್ಲ, ಅದನ್ನು ಕೆಡವಿದರು. ಈಗ ಅಲ್ಲಿ ಒಂದು ಹಸಿರು, ಒಂದು ಹಳದಿ, ತಾರಸಿಯ ಎರಡು ಮನೆಗಳಿವೆ. ಬೆಳಕಿಂಡಿ ಯಾವುದಕ್ಕೂ ಇಲ್ಲ. ಕಣವಿದ್ದ ಕಡೆ ಸಿಮೆಂಟಿನ ರಸ್ತೆ ಬಂದಿದೆ. ನನಗೆ ಕೆಲಸ ಸಿಕ್ಕಿದ್ದು ರಾಯಚೂರಿನ ಕಡೆ. ರಜೆಗೆ ಬಂದಾಗಲೆಲ್ಲ, ಮೇಕೆ ಪ್ಲಾಸ್ಟಿಕ್ಕಿನ ಕೊಡೆ ತಿನ್ನುತ್ತದಾ ದೊಡ್ಡಪ್ಪ ಎಂದು ರೇಗಿಸುತ್ತಿದ್ದೆ. ನಮ್ಮದು ತಿನ್ನುತ್ತದೆ ಎಂದು ಅವನು ಗಂಭೀರವಾಗಿಯೇ ಹೇಳುತ್ತಿದ್ದ.

ಹೋದ ವರ್ಷ ಅವನಿಗೆ ಹುಷಾರಿಲ್ಲ ಎಂದು ಫೋನು ಬಂದ ದಿನವೇ ಹೊರಟೆ. ರಾಯಚೂರಿನಿಂದ ನಮ್ಮೂರಿಗೆ ಬರುವುದೆಂದರೆ ಬಸ್ಸು ಬದಲಿಸಿ ಬದಲಿಸಿ ಬರಬೇಕು. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದು ಎಲ್ಲರೂ ಹಸಿರು ಮನೆಯ ಮುಂದೆ ಕೂತಿದ್ದರು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗಲಿಲ್ಲ. ದೊಡ್ಡಮ್ಮ ಎದ್ದು ಬಂದು ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದಳು. ಬೆಳಗಿನ ಜಾವದಿಂದ ಅವನು ನನ್ನನ್ನು ಕೇಳುತ್ತಿದ್ದನಂತೆ, ಬಂದಳಾ, ಬಂದಳಾ ಎಂದು.

“ಬಂದವ್ಳೆ, ಹಿತ್ಲಲ್ಲಿ ಕೈಕಾಲು ತೊಳೀತವ್ಳೆ ಅಂತ ಹೇಳ್ಬುಟ್ಟೆ ಕಣಮ್ಮ” ಎಂದಳು. “ಅಂಗಾರೆ ಮೊದ್ಲು ಉಣ್ಣಾಕಿಕ್ಕು, ಆಮ್ಯಾಲೆ ಮಾತಾಡ್ತೀನಿ ಅಂದ್ರು.”

ಪಕ್ಕದ ಮನೆಯವರು ಕೊಟ್ಟುಹೋಗಿದ್ದ ಮುದ್ದೆಯ ಪಾತ್ರೆ ಮೂಲೆಯಲ್ಲಿತ್ತು. ದೊಡ್ಡಮ್ಮ ಅದರ ಮುಚ್ಚಳ ತೆಗೆದು ತಟ್ಟೆ ಹಾಕಿದಳು. ನಾನು ಹಿತ್ತಿಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು ಊಟಕ್ಕೆ ಕೂತೆ.