ಜಿಂಕೆ ಕಂಡ ಮೇಲೆ ಒಲೆ

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಬೇಟೆಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಬಂದೂಕು, ಬಲೆ ಎರಡೂ ನಾನು ಹುಟ್ಟುವ ಮೊದಲೇ ಹೋದವು. ಪದ್ಧತಿ ಮಾತ್ರ ಹೋಗಲಿಲ್ಲ. ಈಗ ಮಾಡುವುದು ಇಷ್ಟೇ: ಗುಡ್ಡದ ಬುಡದಲ್ಲಿ ಜಿಂಕೆಯ ಹೆಜ್ಜೆ ಹುಡುಕಿ, ಅದರ ಹಿಂದೆ ನಡೆದು, ಜಿಂಕೆ ಕಣ್ಣಿಗೆ ಬಿದ್ದರೆ ಕೈಮುಗಿದು ವಾಪಸಾಗುವುದು. ಆಮೇಲೆಯೇ ಮನೆಯಲ್ಲಿ ಒಲೆ ಹಚ್ಚಿ, ಐಮಂಗಲದ ಅಂಗಡಿಯಿಂದ ತಂದ ಮಟನ್ ಬೇಯಿಸುವುದು. ಬೇಟೆಗಾರರ ಮನೆತನದ ಶೌರ್ಯವೆಲ್ಲ ಇಷ್ಟಕ್ಕೆ ಬಂದು ನಿಂತಿದೆ.

ಮುಂದೆ ನಡೆದು ಹೆಜ್ಜೆ ಗುರುತಿಸುವವನು ಅಪ್ಪ. ಅವನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಎಂದರೆ ಎದ್ದು ಹೋಗುತ್ತಾನೆ. ಈ ವರ್ಷ ಹೊರಡುವಾಗ ಅವ್ವ ಹೇಳಿಯೇಬಿಟ್ಟಳು: "ಈ ಸಲ ಜಿಂಕೆ ಕಾಣ್ಲಿಲ್ಲ ಅಂದ್ರೆ ಇದೇ ಕೊನೆ. ಮುಂದಿನ ವರ್ಷದಿಂದ ಮನೇಲಿ ಕುಂತ್ಕಳ್ರಿ." ಎಲ್ಲದಕ್ಕೂ ತಿರುಗಿ ಮಾತಾಡುವ ಅಪ್ಪ ಸುಮ್ಮನೆ ತಲೆಗೆ ಟವೆಲ್ ಸುತ್ತಿಕೊಂಡ. ನನಗೆ ಅದೇ ಭಯವಾಯಿತು. ಜೊತೆಗೆ ಹೊರಟೆ.

ಬಿಸಿಲು ಇನ್ನೂ ಏರಿರಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಸುಕಿನಲ್ಲಿ ನಿಧಾನವಾಗಿ ತಿರುಗುತ್ತಿದ್ದವು. ಹೆದ್ದಾರಿಯ ಲಾರಿಗಳ ಸದ್ದು ಹಿಂದೆ ಹಿಂದೆ ಉಳಿದು ಕೊನೆಗೆ ಇಲ್ಲವಾಯಿತು. ಒಣಗಿದ ಹಳ್ಳದ ಮರಳಿನ ಮೇಲೆ ಹೊಂಗೆಯ ಹೂ ಉದುರಿತ್ತು. ಅಪ್ಪ ಸದ್ದಿಲ್ಲದೆ ನಡೆಯುತ್ತಿದ್ದ. ಯಾರದೋ ನಿದ್ದೆಯೊಳಗೆ ನಡೆಯುತ್ತಿದ್ದೇವೆ ಅನ್ನಿಸಿತು.

ಹಳ್ಳದಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತು ಮರಳನ್ನು ಬೆರಳಿನಿಂದ ಸವರಿದ.

"ನೋಡವ್ವ, ಹೆಣ್ಣು ಜಿಂಕೆ. ಈಗ್ಲೇ ಹೋಗೈತೆ."

ನೋಡಿದೆ. ಜಿಂಕೆಯ ಗೊರಸಿನ ತುದಿ ಚೂಪಾಗಿರುತ್ತದೆ ಎಂದು ಕಲಿಸಿದವನು ಅವನೇ. ಇದು ಮೊಂಡಾಗಿ ಅಗಲವಾಗಿತ್ತು. ಮೇಕೆ.

"ಹೌದಪ್ಪ," ಅಂದೆ.

ಅಷ್ಟರಲ್ಲಿ ಅವ್ವನ ಫೋನು. "ಕಾಣ್ತೇನೇ? ಮಸಾಲೆ ಅರೆದಿಟ್ಟು ಎಷ್ಟೊತ್ತಾತು. ನಿಮ್ಮಣ್ಣ ಒಲೆ ಮುಂದೇನೆ ಕುಂತವ್ನೆ."

"ಹೆಜ್ಜೆ ಸಿಕ್ಕೈತೆ," ಎಂದು ಪಿಸುಗುಟ್ಟಿದೆ.

"ಹೆಜ್ಜೆ ಬೇಯ್ಸಕ್ಕಾಗಲ್ಲ. ಬೇಗ ನೋಡ್ರಿ."

ಮೇಕೆಯ ಹೆಜ್ಜೆ ಹಿಡಿದು ನಾವು ಗುಡ್ಡ ಹತ್ತಿದೆವು. ಈ ಜಾಡು ಮುಗಿಯದೆ ಇರಲಿ ಎಂದು ಆಸೆಪಟ್ಟೆ. ಮುಗಿದರೆ ಅಪ್ಪನ ಬೇಟೆಯೂ ಮುಗಿಯುತ್ತದೆ. ಅವನು ಮಾತ್ರ ಹುಡುಗನಾಗಿಬಿಟ್ಟಿದ್ದ.

ಕುರುಚಲು ಗಿಡಗಳ ಆಚೆ ಕಂದು ಬಣ್ಣದ್ದೇನೋ ಅಲುಗಿತು. ಅಪ್ಪ ಕೈ ಎತ್ತಿ ನಿಲ್ಲಿಸಿದ. ಮೇಕೆಯೊಂದು ಹಿಂಗಾಲ ಮೇಲೆ ನಿಂತು ಸೊಪ್ಪು ಕೀಳುತ್ತಿತ್ತು. ಅದರ ಕೊರಳ ಗಂಟೆ ಟಿಣ್ ಎಂದಿತು. ನಾನು ಜೋರಾಗಿ ಕೆಮ್ಮಿದೆ.

"ಜಿಂಕೆ ಅಲ್ವೇನವ್ವ?"

"ಹ್ಞೂ ಅಪ್ಪ. ಜಿಂಕೆ."

ಅಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ಕೈಮುಗಿದು ನಿಂತ. ನಾನೂ ಮುಗಿದೆ. ಮೇಕೆ ಮೆಲುಕು ಹಾಕುತ್ತ ನಮ್ಮಿಬ್ಬರನ್ನೂ ನೋಡಿತು. ಹೊಸತೊಡಕಿನ ದಿನ ಅದರ ಜಾತಿಗೆ ಇಷ್ಟು ಮರ್ಯಾದೆ ಸಿಗುವುದು ಅಪರೂಪ.

ಒಲೆ ಹಚ್ಚಲು ಅವ್ವನಿಗೆ ಫೋನು ಮಾಡಿದೆ. ಇಳಿಯುವಾಗ ಅಪ್ಪ ನನ್ನ ಹಿಂದಾದ. ನನ್ನ ಹೆಗಲ ಮೇಲೆ ಕೈಯಿಟ್ಟ.

"ನೀನು ಹಂಗೆ ಕೆಮ್ಮಿದ್ರೆ ಜಿಂಕೆ ನಿಲ್ತಿತ್ತೇನವ್ವ?"

ಕಾಲಡಿಯ ಸಡಿಲ ಕಲ್ಲನ್ನು ಪಕ್ಕಕ್ಕೆ ಸರಿಸಿ ಅವನಿಗೆ ದಾರಿ ಮಾಡಿದೆ.

"ನಿಮ್ಮವ್ವಂಗೆ ಜಿಂಕೆ ಅಂತಾನೇ ಹೇಳಾಣ," ಅಂದ. "ಮುಂದಿನ ವರ್ಷ ನೀನು ಮುಂದೆ ನಡಿ."